ಬುಡಮಟ್ಟ ಕತ್ತರಿಸಿದರೆ ಲಾನ್ ಕೆಲಸ ಕಡಿಮೆಯಾಗಲ್ಲ, ಜಾಸ್ತಿಯಾಗುತ್ತೆ

ಅಮೆರಿಕದ ಟೆಕ್ಸಸ್‌ನಲ್ಲಿ, ಡಾಲಸ್ ಹತ್ತಿರ ಹೊಸದಾಗಿ ಮನೆ ತಗೊಂಡಿದ್ದೀರಿ. ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ವಾರವಾರ ಲಾನ್ ಕತ್ತರಿಸೋಕೆ ಟೈಮ್ ಸಾಲಲ್ಲ. ಹುಲ್ಲು ಕತ್ತರಿಸೋಕೆ ಯಾವ ಮೋವರ್ ತರಬೇಕು, ಆಳಿಗೆ ಹೇಳಬೇಕಾ, ತಾನೇ ಓಡಾಡಿ ಕತ್ತರಿಸುವ ರೋಬೋ ತಂದರೆ ಹೇಗೆ ಅಂತ ಕೇಳಿದ್ದೀರಿ. ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: ಜೂನ್‌ನಲ್ಲಿ ಊರಿಗೆ ಹೋಗುವ ಮೊದಲು ಬುಡಮಟ್ಟ ಕತ್ತರಿಸಿ ಹೋದರೆ ವಾಪಸ್ ಬರೋವರೆಗೆ ನಡೆಯುತ್ತಲ್ವಾ?

ನಡೆಯಲ್ಲ. ಉಳಿದ ಪ್ರಶ್ನೆಗಳು ಹಾಗಿರಲಿ, ಈ ಒಂದು ಯೋಚನೆಗೆ ನಾನು ಮನೆ ಮುಂದಿನ ಲಾನನ್ನು ಪೂರ್ತಿ ಕಳೆದುಕೊಂಡವನು.

ನಾನು ನವಲಗುಂದ ಕಡೆಯವನು. ಎರೆ ಹೊಲದಲ್ಲಿ ಕಸ ಕಿತ್ತು ಬೆಳೆದವನಿಗೆ ಹುಲ್ಲು ಕತ್ತರಿಸೋದನ್ನು ಯಾರಾದರೂ ಹೇಳಿಕೊಡಬೇಕಾ ಅನ್ನೋ ಸೊಕ್ಕು ಇತ್ತು. ಸಾಲದ್ದಕ್ಕೆ ಇಲ್ಲಿನ ಮಣ್ಣೂ ನಮ್ಮ ಎರೆಯ ಜಾತಿಯದ್ದೇ. ಡಾಲಸ್ ಸುತ್ತಲಿನದು ಬ್ಲ್ಯಾಕ್‌ಲ್ಯಾಂಡ್ ಪ್ರೇರಿ ಅನ್ನೋ ಹುಲ್ಲು ಬಯಲಿನ ಕರಿ ಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಬೂಟಿಗೆ ಮೆತ್ತಿಕೊಂಡರೆ ಬಿಡುವುದಿಲ್ಲ. ಮನೆಯ ಬುನಾದಿಯೇ ಅಲುಗಾಡುತ್ತದೆ ಅಂತ ಇಲ್ಲಿನವರು ಬೇಸಿಗೆಯಲ್ಲಿ ಗೋಡೆಯ ಬುಡಕ್ಕೂ ನೀರು ಬಿಡುತ್ತಾರೆ. ನಿಮಗೆ ಯಾರೂ ಹೇಳಿರದಿದ್ದರೆ ಇದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ.

ಪಕ್ಕದ ಮನೆಯಲ್ಲಿ ರಿಟೈರ್ ಆದ ಒಬ್ಬ ಅಜ್ಜ ಇದ್ದಾರೆ. ಫೆಬ್ರವರಿ ಕೊನೆಗೆ, ಹುಲ್ಲೆಲ್ಲ ಚಳಿಗೆ ಒಣಗಿ ನಿಂತಿದ್ದಾಗ, ಅವರು ಮೋವರನ್ನು ತೀರಾ ಕೆಳಗಿಳಿಸಿ ನೆಲ ಕಾಣುವ ಹಾಗೆ ಬೋಳಿಸಿದರು. ಏಪ್ರಿಲ್ ಹೊತ್ತಿಗೆ ಅವರ ಲಾನ್ ಬೀದಿಗೇ ಚೆಂದ. ಓಹೋ, ಬುಡಕ್ಕೆ ಕತ್ತರಿಸಿದರೇ ಹುಲ್ಲಿಗೆ ಒಳ್ಳೆಯದು ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಯಾಕೆ ಬೋಳಿಸಿದಿರಿ ಅಂತ ಬೇಲಿಯ ಮೇಲಿಂದ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಜೂನ್‌ನಲ್ಲಿ ಮಕ್ಕಳಿಗೆ ರಜೆ, ಊರಿಗೆ ಟಿಕೆಟ್ ಆಗಿತ್ತು. ಹೊರಡುವ ಮುಂಚಿನ ಶನಿವಾರ ಮೋವರಿನ ನಾಲ್ಕೂ ಚಕ್ರದ ಲಿವರನ್ನು ಕೊನೆಯ ಗುಂಡಿಗೆ ಇಳಿಸಿದೆ. ಮಷಿನ್ ನಾಲ್ಕು ಹೆಜ್ಜೆಗೊಮ್ಮೆ ಉಸಿರು ಕಟ್ಟಿ ನಿಲ್ಲುತ್ತಿತ್ತು. ಅದು ಹೇಳುತ್ತಿದ್ದದ್ದು ನನಗೆ ಅರ್ಥವಾಗಲಿಲ್ಲ. ಬ್ಲೇಡಿಗೆ ಮೆತ್ತಿದ ಹುಲ್ಲು ಬಿಡಿಸಿ ಮತ್ತೆ ಎಳೆದೆ. ಕತ್ತರಿಸಿದ್ದನ್ನೆಲ್ಲ ಬಾಚಿ, ಕಾಗದದ ಚೀಲಕ್ಕೆ ತುಂಬಿ, ರಸ್ತೆ ಅಂಚಿಗೆ ಸಾಲಾಗಿ ಇಟ್ಟು, ಖುಷಿಯಾಗಿ ಏರ್‌ಪೋರ್ಟಿಗೆ ಹೋದೆ.

ವಾಪಸ್ ಬಂದಾಗ ಲಾನ್ ಬೂದು ಬಣ್ಣಕ್ಕೆ ತಿರುಗಿತ್ತು. ನೆಲ ಎಷ್ಟು ಬಿರಿದಿತ್ತು ಅಂದರೆ ಬಿರುಕಿನೊಳಗೆ ಬೆರಳು ಹೋಗುತ್ತಿತ್ತು. ನೀರು ಸಾಲದೆ ಹೀಗಾಗಿದೆ ಅಂದುಕೊಂಡು ನೀರು ಬಿಟ್ಟೆ. ಚಿಗುರಿದ್ದು ಬರೀ ಕಳೆ. ಅಷ್ಟರಲ್ಲಿ ಕಾಲನಿಯ ಅಸೋಸಿಯೇಷನ್ನಿನಿಂದ ಅಂಗಳ ಸರಿಮಾಡಿ ಅಂತ ನೋಟಿಸ್, ಜೊತೆಗೆ ಹಾಳಾದ ಹುಲ್ಲಿನದೊಂದು ಫೋಟೋ. ನನ್ನ ಮನೆಯ ಹುಲ್ಲನ್ನು ನನಗೇ ಫೋಟೋ ತೆಗೆದು ಕಳಿಸುವ ದೇಶ ಇದು.

ಏನಾಗಿತ್ತು ಅನ್ನೋದು ತಿಳಿದದ್ದು ಹುಲ್ಲಿನ ಹಾಸು, ಅಂದರೆ ಬೇರು ಮಣ್ಣು ಸಮೇತ ಚಾಪೆಯ ಹಾಗೆ ಎತ್ತಿದ ಹುಲ್ಲು, ಮಾರುವ ಕಡೆ. ಕೈಯಲ್ಲಿ ಒಂದು ತುಂಡು ಕಿತ್ತು ಒಯ್ದಿದ್ದೆ. ಅಲ್ಲಿದ್ದವನು ಅದನ್ನು ಹೊಸ ಹಾಸಿನ ಪಕ್ಕ ಇಟ್ಟ. ಹೊಸದರಲ್ಲಿ ನೆಲದ ಮೇಲೆ ಹರಿದ ದಪ್ಪ ಹಸಿರು ಬಳ್ಳಿ. ಗಿಣ್ಣು ಗಿಣ್ಣಿಗೂ ಕೆಳಗೆ ಬೇರು, ಮೇಲೆ ಅಗಲ ಎಲೆಯ ಗೊಂಚಲು. ನನ್ನದರಲ್ಲಿ ಬಳ್ಳಿಯ ಬೆನ್ನೇ ಸೀಳಿತ್ತು, ಗಿಣ್ಣುಗಳು ಬೋಳು, ಉಗುರಲ್ಲಿ ಕೆರೆದರೆ ಒಳಗೂ ಕಂದು. 'ನೀನು ಕತ್ತರಿಸಿದ್ದು ಎಲೆಯನ್ನಲ್ಲ, ಗಿಡವನ್ನೇ' ಅಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಸಮಸ್ಯೆಯೂ ಇಲ್ಲೇ ಇದೆ ಅಂತ ನನ್ನ ಅನುಮಾನ.

ಡಾಲಸ್ ಕಡೆ ಮನೆಗಳ ಮುಂದೆ ಹೆಚ್ಚಾಗಿ ಇರೋದು ಎರಡು ಹುಲ್ಲು. ಒಂದು ಬರ್ಮುಡಾ. ಇದು ಬೇರೆ ಏನೂ ಅಲ್ಲ, ನಮ್ಮ ಗರಿಕೆಯೇ. ಊರಲ್ಲಿ ಅಪ್ಪ ಕೂಲಿ ಕೊಟ್ಟು ಹೊಲದಿಂದ ಅಗೆಸಿ ಹಾಕುತ್ತಿದ್ದ ಅದೇ ಗರಿಕೆಗೆ ಇಲ್ಲಿ ಗೊಬ್ಬರ ಹಾಕುತ್ತಾರೆ. ಅದನ್ನು ಅಗೆಸೋದು ಯಾಕೆ ಅಷ್ಟು ಕಷ್ಟ? ಅದಕ್ಕೆ ನೆಲದ ಮೇಲೂ ಬಳ್ಳಿ, ನೆಲದ ಒಳಗೂ ಬಳ್ಳಿ. ಮೇಲೆ ಬೋಳಿಸಿದರೆ ಒಳಗಿನಿಂದ ಎದ್ದು ಬರುತ್ತದೆ. ಅಜ್ಜನದು ಇದು. ಅವರು ಬೋಳಿಸಿದ್ದೂ ಹುಲ್ಲು ಮಲಗಿದ್ದ ಕಾಲದಲ್ಲಿ, ಒಣ ಎಲೆ ತೆಗೆದು ನೆಲಕ್ಕೆ ಬಿಸಿಲು ತಾಕಲಿ ಅಂತ.

ಇನ್ನೊಂದು ಸೇಂಟ್ ಆಗಸ್ಟೀನ್. ಅಗಲ ಎಲೆ, ಸ್ವಲ್ಪ ನೆರಳಿದ್ದರೂ ತಾಳುತ್ತದೆ. ನಮ್ಮ ಮನೆ ಮುಂದೆ ದೊಡ್ಡ ಓಕ್ ಮರ ಇದೆ, ಹಾಗಾಗಿ ಮನೆ ಕಟ್ಟಿದವರು ಇದನ್ನೇ ಹಾಕಿದ್ದರು. ಇದಕ್ಕೆ ಇರೋದೆಲ್ಲ ನೆಲದ ಮೇಲಿನ ಬಳ್ಳಿ. ಒಳಗೆ ಉಳಿತಾಯ ಏನೂ ಇಲ್ಲ. ಆ ಬಳ್ಳಿ ಸೀಳಿದರೆ ಚಿಗುರೋಕೆ ಜಾಗವೇ ಉಳಿಯಲ್ಲ. ಎಲೆಯೇ ಹುಲ್ಲಿನ ಅಡುಗೆಮನೆ. ಅದನ್ನು ಪೂರ್ತಿ ಕಿತ್ತುಹಾಕಿ, ಜೂನ್‌ನ ಬಿಸಿಲಿಗೆ ಕರಿ ಮಣ್ಣನ್ನು ಬರಿಮೈಯಲ್ಲಿ ಬಿಟ್ಟು ವಿಮಾನ ಹತ್ತಿದೆ. ಹುಲ್ಲಿನ ನೆರಳಿಲ್ಲದ ಕರಿ ನೆಲ ಕಾಯಿತು, ಬಿರಿಯಿತು, ಬಿರುಕಿನಲ್ಲಿ ಬೇರು ಹರಿಯಿತು. ಮೇಲೆ ಎಷ್ಟು ನೀರು ಸುರಿದರೂ ಸತ್ತ ಬಳ್ಳಿ ಎದ್ದೇಳುತ್ತದಾ?

ಈಗ ನಿಮ್ಮ 'ಟೈಮ್ ಸಾಲಲ್ಲ' ಅನ್ನೋ ಮಾತಿಗೆ ಬರುತ್ತೇನೆ. ನಾನು ಇದನ್ನು ಒಪ್ಪಲ್ಲ. ನೀವು ತೀರಾ ಗಿಡ್ಡ ಕತ್ತರಿಸುತ್ತಿದ್ದೀರಿ, ಅದಕ್ಕೇ ಟೈಮ್ ಸಾಲುತ್ತಿಲ್ಲ. ಒಂದೇ ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು ಅನ್ನೋದು ಇಲ್ಲಿ ಎಲ್ಲರೂ ಹೇಳುವ ಲೆಕ್ಕ. 1.5 ಇಂಚಿಗೆ ಕತ್ತರಿಸಿ ಇಟ್ಟುಕೊಳ್ಳುವವರು ಅದು 2.25 ಇಂಚಿಗೆ ಬಂದ ಕೂಡಲೇ ಮತ್ತೆ ಕತ್ತರಿಸಬೇಕು. ಮುಕ್ಕಾಲು ಇಂಚು ಬೆಳೆಯೋಕೆ ಎಷ್ಟು ಹೊತ್ತು? 3 ಇಂಚಿಗೆ ಬಿಟ್ಟವರು 4.5 ಇಂಚಿನವರೆಗೆ ಕಾಯಬಹುದು. ಅಂದರೆ ಒಂದೂವರೆ ಇಂಚಿನ ಬಿಡುವು. ಎತ್ತರ ಏರಿಸಿದ್ದಕ್ಕೆ ಬಿಡುವು ಎರಡರಷ್ಟಾಯಿತು. ಇದರ ಮೇಲೆ, ಹುಲ್ಲು ದಟ್ಟವಾಗಿದ್ದರೆ ಕಳೆ ಬೀಜಕ್ಕೆ ಬಿಸಿಲು ಸಿಗಲ್ಲ, ನೆಲದ ತೇವ ಬೇಗ ಆರಲ್ಲ. ಕಳೆ ಕೀಳೋ ಕೆಲಸವೂ ಕಡಿಮೆಯಾಯಿತು.

ಆದ್ದರಿಂದ ಮೊದಲು ಹೊರಗೆ ಹೋಗಿ ನಿಮ್ಮದು ಯಾವ ಹುಲ್ಲು ನೋಡಿ. ಸಣ್ಣ ಎಲೆ, ತೆಳು ಬಳ್ಳಿ ಇದ್ದರೆ ಗರಿಕೆ. ಅದನ್ನು 2 ಇಂಚಿನ ಹತ್ತಿರ ಇಟ್ಟುಕೊಂಡರೂ ಸರಿ, ಬೇಸಿಗೆಯಲ್ಲಿ ಮಾತ್ರ ಹೆಚ್ಚು ಸಲ ಕತ್ತರಿಸಬೇಕಾಗುತ್ತದೆ. ಅಗಲ ಎಲೆ, ದಪ್ಪ ಬಳ್ಳಿ ಇದ್ದರೆ ಸೇಂಟ್ ಆಗಸ್ಟೀನ್. ಅದಕ್ಕೆ 3ರಿಂದ 3.5 ಇಂಚು, ಬೇಸಿಗೆಯಲ್ಲಿ 4 ಆದರೂ ಪರವಾಗಿಲ್ಲ. ಮೋವರ್ ಮೇಲೆ ಬರೆದಿರುವ 1, 2, 3 ಅನ್ನೋದನ್ನು ಇಂಚು ಅಂತ ನಂಬಬೇಡಿ. ಬ್ಯಾಟರಿ ತೆಗೆದು, ಇಲ್ಲವೇ ಪೆಟ್ರೋಲ್ ಮಷಿನ್ ಆದರೆ ಸ್ಪಾರ್ಕ್ ಪ್ಲಗ್ ವೈರ್ ಬಿಚ್ಚಿ, ಡ್ರೈವ್‌ವೇ ಮೇಲೆ ನಿಲ್ಲಿಸಿ ನೆಲದಿಂದ ಬ್ಲೇಡಿನ ಅಂಚಿಗೆ ಸ್ಕೇಲ್ ಹಿಡಿದು ನೋಡಿ. ಹಾಗೇ ಬ್ಲೇಡ್ ಮಸೆಸಿಬಿಡಿ. ಕತ್ತರಿಸಿದ ಮಾರನೇ ದಿನ ಎಲೆಯ ತುದಿ ಹರಿದು ಬೆಳ್ಳಗೆ ಕಂಡರೆ ಬ್ಲೇಡ್ ಮೊಂಡಾಗಿದೆ ಅಂತ ಲೆಕ್ಕ. ಮೊಂಡು ಕುಡಗೋಲಿನಿಂದ ಯಾರೂ ಮೇವು ಕೊಯ್ಯಲ್ಲ, ಮೋವರ್ ವಿಷಯದಲ್ಲಿ ಮಾತ್ರ ನಾವು ಅದನ್ನು ಮರೆಯುತ್ತೇವೆ.

ಚೀಲ ತುಂಬುವುದನ್ನು ಇವತ್ತೇ ನಿಲ್ಲಿಸಿ. ಕತ್ತರಿಸಿದ್ದು ಅಲ್ಲೇ ಬಿದ್ದು ಕೊಳೆಯಲಿ, ಅದೇ ಗೊಬ್ಬರ. ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯ ಕೃಷಿ ವಿಸ್ತರಣೆಯವರು ಡೋಂಟ್ ಬ್ಯಾಗ್ ಇಟ್ ಅಂತ ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದಾರೆ. ಓಕ್ ಎಲೆ ಉದುರಿದಾಗಲೂ ತೆಳುವಾಗಿ ಬಿದ್ದಿದ್ದರೆ ಬಾಚಬೇಡಿ, ಅದರ ಮೇಲೆ ಮೋವರ್ ಓಡಿಸಿ ಪುಡಿ ಮಾಡಿ.

ನೀರು ದಿನಾ ಚಿಮುಕಿಸಬೇಡಿ. ಡಾಲಸ್ ಸಿಟಿಯಲ್ಲಂತೂ 2012ರಿಂದ ಸ್ಪ್ರಿಂಕ್ಲರಿಗೆ ವಾರಕ್ಕೆ ಎರಡೇ ದಿನ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಹಾಕುವ ಹಾಗೂ ಇಲ್ಲ. ನಿಮ್ಮ ಊರಿನ ನಿಯಮ ನೋಡಿಕೊಳ್ಳಿ. ಮಳೆ ಸೇರಿ ವಾರಕ್ಕೆ ಒಂದು ಇಂಚು ನೀರು ಸಾಕು. ಅಲ್ಲಲ್ಲಿ ಖಾಲಿ ಡಬ್ಬಿ ಇಟ್ಟು ಸ್ಪ್ರಿಂಕ್ಲರ್ ಬಿಟ್ಟರೆ ಎಷ್ಟು ಬೀಳುತ್ತದೆ ಗೊತ್ತಾಗುತ್ತದೆ. ಎರೆ ಮಣ್ಣು ನೀರನ್ನು ನಿಧಾನ ಕುಡಿಯುತ್ತದೆ. ಸ್ವಲ್ಪ ಬಿಟ್ಟು, ನಿಲ್ಲಿಸಿ, ಇಂಗಿದ ಮೇಲೆ ಮತ್ತೆ ಬಿಡಿ. ಇಲ್ಲದಿದ್ದರೆ ನೀವು ದುಡ್ಡು ಕೊಟ್ಟ ನೀರು ಚರಂಡಿ ಸೇರುತ್ತದೆ.

ನಾನು ಹೊಸ ಹಾಸು ಹಾಕಿಸುವಾಗ ಒಂದು ಕೆಲಸ ಮಾಡಿದೆ: ಪೂರ್ತಿ ಜಾಗಕ್ಕೆ ಹಾಕಿಸಲಿಲ್ಲ. ಒಂದು ಪ್ಯಾಲೆಟ್, ಅಂದರೆ ಮರದ ಹಲಗೆಯ ಮೇಲೆ ಪೇರಿಸಿದ ಒಂದು ಹೊರೆ, ಹುಲ್ಲು ಸುಮಾರು 450 ಚದರ ಅಡಿಗೆ ಬರುತ್ತದೆ, ತೂಕ ಟನ್ನಿಗೂ ಮೇಲೆ. ಬಿಲ್ ನೋಡಿದಾಗ ಓಕ್ ಮರದ ಕೆಳಗಿನ ದಟ್ಟ ನೆರಳಿಗೆ ಹುಲ್ಲು ಯಾಕೆ ಬೇಕು ಅನ್ನಿಸಿತು. ಅಲ್ಲಿ ಮಲ್ಚ್, ಅಂದರೆ ನೆಲ ಮುಚ್ಚುವ ಮರದ ಚಕ್ಕೆ, ಹರಡಿ ಟರ್ಕ್ಸ್ ಕ್ಯಾಪ್ ಗಿಡ ನೆಟ್ಟೆ. ದಾಸವಾಳದ ಬಳಗದ್ದು, ಟೆಕ್ಸಸ್‌ನದೇ ಗಿಡ, ನೆರಳಲ್ಲೂ ಕೆಂಪು ಹೂ ಬಿಡುತ್ತದೆ. ಮರದ ಸುತ್ತ ಅಂಚು ಕತ್ತರಿಸುವ ಕೆಲಸವೇ ತಪ್ಪಿತು. ಲಾನಿನಲ್ಲಿ ಟೈಮ್ ತಿನ್ನೋದು ನಡುವಿನ ಹುಲ್ಲಲ್ಲ, ಈ ಅಂಚು ಮೂಲೆಗಳು. ಜೊತೆಗೆ ಅಂಚಿನ ಹುಲ್ಲು ಕತ್ತರಿಸುವ ವೀಡ್ ಈಟರ್ ಮಷಿನ್ನಿನ ತಿರುಗುವ ದಾರ ಕಾಂಡಕ್ಕೆ ಬಡಿದು ಬಡಿದು ಸಣ್ಣ ಮರಗಳ ತೊಗಟೆ ಸುತ್ತಲೂ ಸುಲಿಯುತ್ತದೆ, ಮರ ಸಾಯುತ್ತದೆ. ಮಲ್ಚ್ ಹಾಕುವಾಗ ಕಾಂಡಕ್ಕೆ ಒತ್ತಿ ಗುಡ್ಡೆ ಮಾಡಬೇಡಿ ಅಷ್ಟೇ.

ಅಸೋಸಿಯೇಷನ್ ಬಿಡಲ್ಲ ಅನ್ನುತ್ತೀರಾ? ನೀರು ಕಡಿಮೆ ಬೇಡುವ ಗಿಡ ಹುಲ್ಲುಗಳನ್ನು ಸುಮ್ನೆ ಬೇಡ ಅನ್ನುವ ಹಾಗಿಲ್ಲ ಅಂತ ಟೆಕ್ಸಸ್‌ನಲ್ಲಿ 2013ರಲ್ಲೇ ಕಾನೂನು ಆಗಿದೆ. ಪ್ಲಾನ್ ತೋರಿಸಿ ಒಪ್ಪಿಗೆ ತಗೊಳ್ಳಿ ಅಂತ ಅವರು ಕೇಳಬಹುದು. ಕೈಯಲ್ಲಿ ಗೀಚಿದ ನಕ್ಷೆ, ಗಿಡಗಳ ಪಟ್ಟಿ ಕೊಟ್ಟೆ, ಒಪ್ಪಿದರು.

ಹಿತ್ತಲಲ್ಲಿ ಬೇಲಿ ಪಕ್ಕದ ಬಿಸಿಲು ಪಟ್ಟಿಗೆ ಹುಲ್ಲು ತೆಗೆದು ಪುಂಡಿ ಪಲ್ಯ ಹಾಕಿದ್ದೇನೆ. ಟೆಕ್ಸಸ್ ಬಿಸಿಲಿಗೆ ಅದು ಎದೆ ಮಟ್ಟ ಬೆಳೆಯುತ್ತದೆ. ಚೌತಿ ಬಂದರೆ ಗರಿಕೆ ಕೇಳಿಕೊಂಡು ಬರುವವರೂ ಇದ್ದಾರೆ. ಕಳೆ ಮದ್ದು ಹೊಡೆದ ಲಾನಿಂದ ಮಾತ್ರ ಕೊಡಬೇಡಿ.

ಆಳಿನ ವಿಷಯ. ಇಡಿ, ತಪ್ಪೇನಿಲ್ಲ. ಆದರೆ ಅವರು ಬೀದಿಗೆಲ್ಲ ಒಂದೇ ಎತ್ತರದಲ್ಲಿ ಹೊಡೆದುಕೊಂಡು ಹೋಗುವುದು ಜಾಸ್ತಿ, ಅದೂ ಗರಿಕೆಯ ಎತ್ತರಕ್ಕೆ. ಎಷ್ಟು ಇಂಚು ಅಂತ ಮೊದಲ ದಿನವೇ ನಿಂತು ಹೇಳಿ. ಜೂನ್‌ನಲ್ಲಿ ಊರಿಗೆ ಹೋಗುವಾಗ ಎಂದಿನ ಎತ್ತರಕ್ಕೇ ಕತ್ತರಿಸಿ ಹೊರಡಿ. ನೀವಿಲ್ಲದಾಗ ಒಂದೆರಡು ಸಲ ಬಂದು ಕತ್ತರಿಸಲು ಯಾರಿಗಾದರೂ ದುಡ್ಡು ಕೊಟ್ಟು ಹೋಗಿ. ಹೊಸ ಹಾಸಿನ ಬಿಲ್ ಮುಂದೆ ಅದು ಏನೇನೂ ಅಲ್ಲ. ರೋಬೋ ಬಗ್ಗೆ ನನಗೆ ಉತ್ಸಾಹ ಇಲ್ಲ. ನಡುವಿನ ಹುಲ್ಲನ್ನು ಅದು ನೋಡಿಕೊಳ್ಳುತ್ತದೆ, ಅಂಚು ಮೂಲೆ ನಿಮಗೇ ಉಳಿಯುತ್ತದೆ.

ಇನ್ನು ಮೋವರ್. ಯಾವ ಕಂಪನಿಯದ್ದಾದರೂ ತಗೊಳ್ಳಿ. ನಮ್ಮ ನಿಮ್ಮ ಅಳತೆಯ ಅಂಗಳಕ್ಕೆ ತಳ್ಳುವ ಬ್ಯಾಟರಿ ಮಷಿನ್ ಸಾಕು, ಕೂತು ಓಡಿಸುವುದೆಲ್ಲ ಬೇಡ. ಮಲ್ಚಿಂಗ್, ಅಂದರೆ ಕತ್ತರಿಸಿದ ಹುಲ್ಲನ್ನು ಸಣ್ಣಗೆ ಮಾಡಿ ಅಲ್ಲೇ ಉದುರಿಸುವ ವ್ಯವಸ್ಥೆ, ಇದೆಯಾ ನೋಡಿ, ಎತ್ತರ 4 ಇಂಚಿನವರೆಗೆ ಏರುತ್ತದಾ ನೋಡಿ. ಅಂಗಡಿಯಲ್ಲೇ ಲಿವರ್ ಎಳೆದು ಪರೀಕ್ಷೆ ಮಾಡಿ. ಕೆಲವು 3ಕ್ಕೇ ನಿಂತುಬಿಡುತ್ತವೆ, ಸೇಂಟ್ ಆಗಸ್ಟೀನ್ ಇದ್ದರೆ ಅಂಥದ್ದನ್ನು ತರಬೇಡಿ.