ಗೇಮ್‌ಗೆ ತಿಂಗಳ ಚಂದಾ ಕಟ್ಟುವುದೋ, ಕೊಂಡುಬಿಡುವುದೋ?

ತುಮಕೂರಿನಲ್ಲಿ ಹದಿನೇಳು ವರ್ಷಗಳಿಂದ ಕಂಪ್ಯೂಟರ್ ಮತ್ತು ಗೇಮ್ ಕನ್ಸೋಲ್‌ಗಳ ಮಾರಾಟ, ರಿಪೇರಿ ಮಾಡುತ್ತಿರುವ ಅಂಗಡಿಯವರು ಈ ವಾರದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಸರ್, ನಾನು ಇಂಜಿನಿಯರಿಂಗ್ ಐದನೇ ಸೆಮ್. ಅಪ್ಪ ಕೊಡಿಸಿದ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದೆ. ಹೊಸ ಗೇಮ್ ಒಂದಕ್ಕೆ ಮೂರೂವರೆ, ನಾಲ್ಕು ಸಾವಿರ ಹೇಳ್ತಾರೆ. ರೂಮ್‌ಮೇಟ್‌ಗಳು ‘ತಿಂಗಳ ಚಂದಾ ಕಟ್ಟಿ ಗೇಮ್ ಪಾಸ್ ತಗೋ, ನೂರಾರು ಗೇಮ್ ಸಿಗುತ್ತೆ, ಕೊಳ್ಳೋದು ದಂಡ’ ಅಂತಾರೆ. ಮನೆಯಿಂದ ಬರೋ ತಿಂಗಳ ಖರ್ಚಿನ ದುಡ್ಡಲ್ಲೇ ಉಳಿಸಬೇಕು. ಯಾವುದು ಗಿಟ್ಟುತ್ತೆ?
– ವಿದ್ಯಾರ್ಥಿ, ತುಮಕೂರು

ಉತ್ತರ: ಪಟ್ಟಿಯಲ್ಲಿ ಎಷ್ಟು ಗೇಮ್ ಇವೆ ಅನ್ನುವುದನ್ನು ಮೊದಲು ಪಕ್ಕಕ್ಕಿಡಿ. ಕಳೆದ ಒಂದು ವರ್ಷದಲ್ಲಿ ನೀವು ಯಾವ ಯಾವ ಗೇಮ್ ಆಡಿದಿರಿ, ಅದರಲ್ಲಿ ಎಷ್ಟನ್ನು ಕೊನೆ ಮುಟ್ಟಿಸಿದಿರಿ ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯಿರಿ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಅಕೌಂಟ್ ಇದ್ದರೆ ಪ್ರತಿ ಗೇಮ್‌ನ ಪಕ್ಕದಲ್ಲೇ ಎಷ್ಟು ಗಂಟೆ ಆಡಿದ್ದೀರಿ ಅಂತ ತೋರಿಸುತ್ತದೆ, ನೆನಪಿಗಿಂತ ಅದನ್ನು ನಂಬಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಪುಟದಲ್ಲೇ ಸಿಗುತ್ತದೆ.

ಹೋದ ವರ್ಷ ನಿಮ್ಮ ವಯಸ್ಸಿನ ಒಬ್ಬ ಹುಡುಗ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ (ಗೇಮ್, ಫೈಲ್ ಎಲ್ಲ ಇರುವ ಡಿಸ್ಕ್) ತುಂಬಿಹೋಗಿದೆ, ದೊಡ್ಡದು ಹಾಕಿಕೊಡಿ ಅಂತ ನಮ್ಮ ಅಂಗಡಿಗೆ ಬಂದಿದ್ದ. ಕೌಂಟರ್ ಮೇಲೆ ಲ್ಯಾಪ್‌ಟಾಪ್ ತೆರೆದು ನೋಡಿದರೆ ಚಂದಾದಲ್ಲಿ ಬಂದ ಹನ್ನೊಂದು ಗೇಮ್‌ಗಳು. ಒಂದೊಂದಾಗಿ ಕೇಳುತ್ತಾ ಹೋದೆ. ಒಂಬತ್ತನ್ನು ಅವನು ಒಂದು ಗಂಟೆಯೂ ಆಡಿರಲಿಲ್ಲ. ಇನ್ನೊಂದನ್ನು ಅರ್ಧಕ್ಕೆ ಬಿಟ್ಟಿದ್ದ. ಉಳಿದದ್ದು ಫುಟ್‌ಬಾಲ್ ಗೇಮ್, ದಿನಾ ರಾತ್ರಿ ಆಡುತ್ತಿದ್ದದ್ದು ಅದೊಂದನ್ನೇ. ಹದಿನಾಲ್ಕು ತಿಂಗಳಿಂದ ಚಂದಾ ಕಟ್ಟಿದ್ದ. ಬಿಲ್ ಪುಸ್ತಕದ ಹಿಂದೆ ಇಬ್ಬರೂ ಸೇರಿ ಕೂಡಿದೆವು. ಆ ದುಡ್ಡಲ್ಲಿ ಫುಟ್‌ಬಾಲ್ ಗೇಮನ್ನು ಕೊಂಡು, ಇನ್ನೂ ಕೈಯಲ್ಲಿ ಉಳಿಯುತ್ತಿತ್ತು. ಅವನಿಗೆ ಎಸ್‌ಎಸ್‌ಡಿ ಮಾರಲಿಲ್ಲ. ಒಂಬತ್ತು ಗೇಮ್ ಅಳಿಸಿಕೊಟ್ಟು ಕಳಿಸಿದೆ.

ನಿಮ್ಮ ರೂಮ್‌ಮೇಟ್‌ಗಳು ಹೇಳುವುದು ಸುಳ್ಳಲ್ಲ. ಆದರೆ ಹಾಸ್ಟೆಲ್ ಮೆಸ್ ನೋಡಿದ್ದೀರಲ್ಲ? ತಿಂಗಳ ಬಿಲ್ ಕಟ್ಟಿದ ಮೇಲೆ ಮೂರು ಹೊತ್ತು ಉಂಡರೂ ಅಷ್ಟೇ, ಹಬ್ಬಕ್ಕೆ ಊರಿಗೆ ಹೋಗಿ ಹತ್ತು ದಿನ ಬರದೇ ಇದ್ದರೂ ಅಷ್ಟೇ. ಗೇಮ್ ಚಂದಾ ಹಾಗೆಯೇ. ನಿಮ್ಮ ವರ್ಷದಲ್ಲಿ ಇಂಟರ್ನಲ್ಸ್ ಇದೆ, ಲ್ಯಾಬ್ ಎಕ್ಸಾಂ ಇದೆ, ಸೆಮ್ ಎಕ್ಸಾಂ ಇದೆ. ನೆಮ್ಮದಿಯಾಗಿ ಕೂತು ಗೇಮ್ ಆಡುವ ತಿಂಗಳು ನಾಲ್ಕೋ ಐದೋ. ದುಡ್ಡು ಕಟ್ ಆಗುವುದು ಮಾತ್ರ ಹನ್ನೆರಡು ಸಲ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 900 ರೂಪಾಯಿ ಅಂತ ಇಟ್ಟುಕೊಂಡರೆ ವರ್ಷಕ್ಕೆ 10,800. ಬಿಡುಗಡೆಯಾದ ದಿನವೇ ಬೇಕು ಅನ್ನುವವರಿಗೆ ಇದರಲ್ಲಿ ನಾಲ್ಕು ಸಾವಿರದ ಗೇಮ್ ಮೂರು ಕೂಡ ಬರುವುದಿಲ್ಲ. ಹಾಗಾಗಿ ವರ್ಷಕ್ಕೆ ಐದಾರು ಹೊಸ ದೊಡ್ಡ ಗೇಮ್‌ಗಳನ್ನು ಆಗಿಂದಾಗಲೇ ಆಡಿ ಮುಗಿಸುವವರಿಗೆ ಚಂದಾ ಖಂಡಿತ ಗಿಟ್ಟುತ್ತದೆ. 2025ರ ಏಪ್ರಿಲ್‌ನಲ್ಲಿ ‘ಕ್ಲೇರ್ ಆಬ್‌ಸ್ಕ್ಯೂರ್’, ಸೆಪ್ಟೆಂಬರ್‌ನಲ್ಲಿ ‘ಸಿಲ್ಕ್‌ಸಾಂಗ್’, ಎರಡೂ ಬಿಡುಗಡೆಯ ದಿನವೇ ಗೇಮ್ ಪಾಸ್‌ನಲ್ಲಿ ಬಂದವು. ಆದರೆ ಆರೆಂಟು ತಿಂಗಳು ಕಾಯುವ ತಾಳ್ಮೆ ಇದ್ದರೆ ಅದೇ 10,800ಕ್ಕೆ ಸೇಲ್‌ನಲ್ಲಿ ಅರ್ಧ ಬೆಲೆಗೆ ಐದು ಗೇಮ್ ನಿಮ್ಮ ಹೆಸರಿಗೆ ಬರುತ್ತವೆ. ಅವನ್ನು ಮುಂದಿನ ವರ್ಷವೂ ಆಡಬಹುದು. ಚಂದಾ ನಿಲ್ಲಿಸಿದವರ ಕೈಯಲ್ಲಿ ಮುಂದಿನ ವರ್ಷ ಏನೂ ಇರುವುದಿಲ್ಲ.

ದರ ಇವತ್ತಿದ್ದಂತೆ ನಾಳೆ ಇರುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೈಕ್ರೋಸಾಫ್ಟ್ 2017ರ ಜೂನ್‌ನಲ್ಲಿ ಗೇಮ್ ಪಾಸ್ ಶುರು ಮಾಡಿದಾಗ ಅಮೆರಿಕದಲ್ಲಿ ತಿಂಗಳಿಗೆ 9.99 ಡಾಲರ್. 2025ರ ಅಕ್ಟೋಬರ್‌ನಲ್ಲಿ ಅದರ ಅತಿ ದೊಡ್ಡ ಪ್ಲಾನ್ ‘ಅಲ್ಟಿಮೇಟ್’ 19.99ರಿಂದ ಒಂದೇ ಏಟಿಗೆ 29.99 ಡಾಲರ್ ಆಯಿತು. ನಮ್ಮ ದೇಶದಲ್ಲೂ ಏರಿತು. ‘ಇಷ್ಟು ಅಗ್ಗಕ್ಕೆ ಸಿಗುತ್ತೆ’ ಅಂತ ಹಳೇ ದರ ನೋಡಿ ಹೇಳುವವರ ಮಾತು ಕೇಳಿ ಕಾರ್ಡ್ ಕೊಡಬೇಡಿ. ದುಡ್ಡು ಕಟ್ಟುವ ದಿನ ಪರದೆ ಮೇಲೆ ಏನಿದೆಯೋ ಅದರಿಂದ ಲೆಕ್ಕ ಹಾಕಿ.

ಕೊಂಡರೆ ಅದು ಪೂರ್ತಿ ನಮ್ಮದಾಗುತ್ತದೆ ಅನ್ನುವುದೂ ಅಷ್ಟು ಸರಿಯಲ್ಲ. ನಾನು ಗೇಮ್ ಮಾರುವವನಾಗಿ ಇದನ್ನು ಮುಚ್ಚಿಡಬಾರದು. ಸ್ಟೀಮ್‌ನಲ್ಲಿ ನಮಗೆ ಸಿಗುವುದು ಆಡಲು ಪರವಾನಗಿ ಅಷ್ಟೇ, 2024ರ ಅಕ್ಟೋಬರ್‌ನಿಂದ ದುಡ್ಡು ಕಟ್ಟುವ ಪುಟದಲ್ಲೇ ಅವರು ಹಾಗೆ ಬರೆಯುತ್ತಿದ್ದಾರೆ. 2014ರಲ್ಲಿ ಬಂದ ಯೂಬಿಸಾಫ್ಟ್‌ನ ‘ದಿ ಕ್ರೂ’ ಅನ್ನುವ ಕಾರ್ ರೇಸ್ ಗೇಮ್ ಪೂರ್ತಿ ಕಂಪನಿಯ ಸರ್ವರ್ ಮೇಲೆ ನಿಂತಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೂ ಗೇಮ್ ತೆರೆಯದಂತಾಯಿತು. ಹಾಗಾಗಿ ಕೊಳ್ಳುವ ಮುಂಚೆ ಆ ಗೇಮ್ ಒಬ್ಬರೇ ಕೂತು ನೆಟ್ ಇಲ್ಲದೆ ಆಡಲು ಬರುತ್ತದಾ ಅಂತ ವಿಚಾರಿಸಿ. ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ನೆಟ್‌ನಲ್ಲಿ ಪರವಾನಗಿ ಕೇಳುವ ಬೀಗವಿಲ್ಲದ ಇನ್‌ಸ್ಟಾಲರ್ ಫೈಲನ್ನೇ ಕೊಡುತ್ತಾರೆ, ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಯಾರೂ ಕಿತ್ತುಕೊಳ್ಳಲಾರರು.

ಇಷ್ಟಾದರೂ ಕೊಂಡ ಗೇಮ್‌ಗಳಲ್ಲಿ ಹಾಗಾಗುವುದು ಅಪರೂಪ. ಚಂದಾದಲ್ಲಿ ಗೇಮ್‌ಗಳು ಬರುವುದು, ಹೋಗುವುದು ಮಾಮೂಲು. ಅರ್ಧ ಆಡಿದ್ದು ಪಟ್ಟಿಯಿಂದ ಹೊರಟಿತು ಅಂದಾಗ ಅನೇಕರು ಮಾಡುವ ತಪ್ಪೊಂದಿದೆ. ಸೀದಾ ಸ್ಟೀಮ್‌ಗೆ ಹೋಗಿ ಕೊಂಡುಬಿಡುತ್ತಾರೆ. ಗೇಮ್ ಪಾಸ್‌ನಲ್ಲಿ ಎಲ್ಲಿವರೆಗೆ ಆಡಿದ್ದೀರಿ ಅಂತ ಉಳಿಸಿಟ್ಟ ಸೇವ್ ಫೈಲ್ ಎಷ್ಟೋ ಗೇಮ್‌ಗಳಲ್ಲಿ ಅಲ್ಲಿಗೆ ಬರುವುದಿಲ್ಲ, ಮೂವತ್ತು ಗಂಟೆ ಆಡಿದ್ದನ್ನು ಮೊದಲಿಂದ ಶುರು ಮಾಡಬೇಕಾಗುತ್ತದೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲೇ ಕೊಂಡರೆ ಬಿಟ್ಟ ಜಾಗದಿಂದ ಮುಂದುವರಿಯುತ್ತದೆ. ಪಟ್ಟಿಯಲ್ಲಿ ಇರುವಾಗಲೇ ಕೊಂಡರೆ ಚಂದಾದಾರರಿಗೆ ರಿಯಾಯಿತಿ ಕೂಡ ಇರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಸೆಮ್ ನಡೆಯುವಾಗ ಚಂದಾ ಬೇಡ. ಎಪಿಕ್ ಗೇಮ್ಸ್ ಸ್ಟೋರ್ 2018ರ ಡಿಸೆಂಬರ್‌ನಲ್ಲಿ ಶುರುವಾದಾಗಿನಿಂದ ಬಿಟ್ಟಿ ಗೇಮ್ ಕೊಡುತ್ತಾ ಬಂದಿದೆ. 2020ರ ಮೇ ತಿಂಗಳಲ್ಲಿ ‘ಜಿಟಿಎ 5’ ಕೂಡ ಕೊಟ್ಟರು, ಆ ವಾರ ಒಂದು ಬಟನ್ ಒತ್ತಿದವರ ಅಕೌಂಟಿನಲ್ಲಿ ಅದು ಇವತ್ತಿಗೂ ಇದೆ. ಅಲ್ಲೊಂದು ಅಕೌಂಟ್ ಮಾಡಿ, ವಾರಕ್ಕೊಮ್ಮೆ ನೋಡಿ. ಸ್ಟೀಮ್‌ನಲ್ಲಿ 2015ರ ನವೆಂಬರ್‌ನಿಂದ ರೂಪಾಯಿಯಲ್ಲೇ ಬೆಲೆ ಇದೆ, ಯುಪಿಐನಲ್ಲಿ ಕಟ್ಟಬಹುದು. ಬೇಕಾದ ಗೇಮ್‌ಗಳನ್ನು ವಿಶ್‌ಲಿಸ್ಟ್‌ಗೆ ಹಾಕಿ ಬೇಸಿಗೆ ಸೇಲ್, ಡಿಸೆಂಬರ್ ಸೇಲ್‌ಗೆ ಕಾಯಿರಿ. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿಮ್ಮ ಲ್ಯಾಪ್‌ಟಾಪ್ ಆ ಗೇಮನ್ನು ಎಳೆಯುತ್ತದೋ ಇಲ್ಲವೋ ನೋಡಲು ಎರಡು ಗಂಟೆ ಧಾರಾಳ. ಸೆಮ್ ಎಕ್ಸಾಂ ಮುಗಿದ ದಿನ ಒಂದು ತಿಂಗಳ ಚಂದಾ ಹಾಕಿಸಿ, ಹಾಕಿಸಿದ ಐದನೇ ನಿಮಿಷಕ್ಕೆ ಅಕೌಂಟ್ ಪುಟಕ್ಕೆ ಹೋಗಿ ತಾನಾಗಿ ನವೀಕರಣ ಆಗುವುದನ್ನು ಆಫ್ ಮಾಡಿ. ಕಟ್ಟಿದ ತಿಂಗಳು ಪೂರ್ತಿ ಆಡಲು ಬಿಡುತ್ತಾರೆ. ಆ ಒಂದು ತಿಂಗಳಲ್ಲಿ ಎರಡು ದೊಡ್ಡ ಗೇಮ್ ಮುಗಿಸಿದರೆ ಅದಕ್ಕಿಂತ ಅಗ್ಗದ ಮನರಂಜನೆ ಇನ್ನೊಂದಿಲ್ಲ.

ಪ್ರಶ್ನೆ: ಮಗ ಸೆಕೆಂಡ್ ಪಿಯುಸಿ. ಅವನ ಮಾವ ಪಿಎಸ್ 5 (ಪ್ಲೇಸ್ಟೇಷನ್) ಗೇಮ್ ಕನ್ಸೋಲ್ ಕೊಡಿಸಿದ್ದಾರೆ. ನನ್ನ ಕಾರ್ಡಿನಿಂದ ತಿಂಗಳಿಗೊಮ್ಮೆ ದುಡ್ಡು ಹೋಗ್ತಿದೆ. ಕೇಳಿದ್ರೆ ‘ಪ್ಲಸ್ ಇಲ್ದೆ ಫ್ರೆಂಡ್ಸ್ ಜೊತೆ ಆಡೋಕಾಗಲ್ಲಮ್ಮ’ ಅಂತಾನೆ. ನಮ್ಮೆಜಮಾನ್ರು ‘ಆನ್‌ಲೈನ್ ಗೇಮೆಲ್ಲ ಸರ್ಕಾರ ಬ್ಯಾನ್ ಮಾಡಿದೆ, ಪೊಲೀಸ್ ಕೇಸಾಗುತ್ತೆ’ ಅಂತ ಬೈತಾರೆ. ಯಾರು ಹೇಳೋದು ಸರಿ?
– ಗೃಹಿಣಿ, ಕೋಲಾರ

ಉತ್ತರ: ಮೊದಲು ನಿಮ್ಮ ಯಜಮಾನರ ಭಯ. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾನೂನು ನಿಷೇಧಿಸಿದ್ದು ದುಡ್ಡು ಕಟ್ಟಿ, ದುಡ್ಡು ಗೆಲ್ಲಲು ಆಡುವ ಆಟಗಳನ್ನು. ಹಣ ಇಟ್ಟು ಆಡುವ ರಮ್ಮಿ, ಪೋಕರ್‌ನಂಥವು ಅದರಲ್ಲಿ ಬರುತ್ತವೆ. ನಿಮ್ಮ ಮಗ ಪಿಎಸ್ 5ರಲ್ಲಿ ಆಡುವ ಕ್ರಿಕೆಟ್, ಫುಟ್‌ಬಾಲ್‌ಗೆ ಅದು ಅನ್ವಯಿಸುವುದಿಲ್ಲ. ಕೇಸು ಗೀಸು ಏನಿಲ್ಲ, ಅವರಿಗೆ ಧೈರ್ಯ ಹೇಳಿ.

ಮಗ ಹೇಳಿದ್ದರಲ್ಲಿ ಅರ್ಧ ನಿಜ. ದುಡ್ಡು ಕೊಟ್ಟು ಕೊಂಡ ಗೇಮನ್ನು ನೆಟ್‌ನಲ್ಲಿ ಸ್ನೇಹಿತರ ಜೊತೆ ಆಡಬೇಕಾದರೆ ಪ್ಲೇಸ್ಟೇಷನ್ ಪ್ಲಸ್ ಅನ್ನುವ ಚಂದಾ ಬೇಕು. ಫೋರ್ಟ್‌ನೈಟ್‌ನಂಥ ಉಚಿತ ಗೇಮ್‌ಗಳಿಗೆ ಬೇಡ. ಅವನ ಪಕ್ಕದಲ್ಲಿ ಒಂದು ಸಂಜೆ ಕೂತು, ಯಾವುದು ಆಡುತ್ತಾನೆ ನೋಡಿ. ಬೈಯಲು ಹೋಗಬೇಡಿ, ಸುಮ್ಮನೆ ನೋಡಿ. ಉಚಿತದ್ದೇ ಆಡುತ್ತಿದ್ದರೆ ಪ್ಲಸ್ ನಿಲ್ಲಿಸಿ. ಸ್ನೇಹಿತರ ಜೊತೆ ಫುಟ್‌ಬಾಲ್ ಆಡುತ್ತಿದ್ದರೆ ಅತಿ ಸಣ್ಣ ಪ್ಲಾನ್ ಸಾಕು. 2022ರ ಜೂನ್‌ನಿಂದ ನಮ್ಮಲ್ಲಿ ಎಸೆನ್ಷಿಯಲ್, ಎಕ್ಸ್‌ಟ್ರಾ, ಡಿಲಕ್ಸ್ ಅಂತ ಮೂರಿವೆ. ಆನ್‌ಲೈನ್ ಆಡಲು ಮೂರರಲ್ಲಿ ಯಾವುದಾದರೂ ಆಗುತ್ತದೆ. ಮೇಲಿನ ಎರಡಕ್ಕೆ ಹೆಚ್ಚು ಕೊಡುವುದು ಗೇಮ್‌ಗಳ ಪಟ್ಟಿಗೆ. ಎಷ್ಟೋ ಮನೆಗಳಲ್ಲಿ ಡಿಲಕ್ಸ್ ಕಟ್ಟಿ ಎಸೆನ್ಷಿಯಲ್‌ನಷ್ಟೇ ಬಳಸುತ್ತಾರೆ.

ಪಿಎಸ್ 5 ಇದ್ದವರಿಗೆ ನಾನು ಹೇಳುವುದು ಡಿಸ್ಕ್. ನಿಮ್ಮದರಲ್ಲಿ ಡಿಸ್ಕ್ ಹಾಕುವ ಸೀಳು ಇದೆಯಾ ನೋಡಿ. ಇದ್ದರೆ ಕೊಂಡ ಗೇಮ್ ಮುಗಿದ ಮೇಲೆ ಮಾರಬಹುದು, ಬದಲಾಯಿಸಬಹುದು. ಚಂದಾದಲ್ಲೂ ಡಿಸ್ಕ್ ಇಲ್ಲದೆ ಡೌನ್‌ಲೋಡ್ ಆಗಿ ಕೊಂಡ ಗೇಮ್‌ನಲ್ಲೂ ಇದು ಸಾಧ್ಯವೇ ಇಲ್ಲ. ನಾಲ್ಕು ಸಾವಿರಕ್ಕೆ ಕೊಂಡ ಡಿಸ್ಕನ್ನು ಎರಡು ತಿಂಗಳು ಆಡಿ ಎರಡೂವರೆ ಸಾವಿರಕ್ಕೆ ಕೊಟ್ಟರೆ ಬಿದ್ದ ಖರ್ಚು ಒಂದೂವರೆ ಸಾವಿರ. ಮಗನ ಕ್ಲಾಸಿನಲ್ಲಿ ಇನ್ನಿಬ್ಬರ ಹತ್ತಿರ ಪಿಎಸ್ 5 ಇದ್ದರೆ ಮೂವರೂ ಒಂದೊಂದು ಡಿಸ್ಕ್ ಕೊಂಡು ಸುತ್ತು ಹಾಕಿಸಿಕೊಳ್ಳಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಡಿಸ್ಕಿನ ಹೊಳೆಯುವ ಮೈಯನ್ನು ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಬೇಕು. ಕೂದಲಿನಂಥ ಗೀರು ಪರವಾಗಿಲ್ಲ, ಉಗುರು ಆಡಿಸಿದರೆ ತಗಲುವಷ್ಟು ಆಳ ಇದ್ದರೆ ಬೇಡ.

ಕಾರ್ಡಿನ ವಿಷಯ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಬಿಗಿಯಾಗಿದೆ. ಹೀಗೆ ತಾನಾಗಿ ದುಡ್ಡು ಕಟ್ ಆಗುವ ಇಪ್ಪತ್ನಾಲ್ಕು ಗಂಟೆ ಮುಂಚೆ ಬ್ಯಾಂಕಿನಿಂದ ನಿಮಗೆ ಮೆಸೇಜ್ ಬರಲೇಬೇಕು, ಬೇಡ ಅನ್ನುವ ದಾರಿಯೂ ಇರಬೇಕು. ಆ ಮೆಸೇಜನ್ನು ಜಾಹೀರಾತು ಅಂತ ಅಳಿಸುತ್ತಿರಬಹುದು, ಹುಡುಕಿ ನೋಡಿ. ಯುಪಿಐನಲ್ಲಿ ಹೋಗುತ್ತಿದ್ದರೆ ನಿಮ್ಮ ಪೇಮೆಂಟ್ ಆಪ್‌ನಲ್ಲೇ ಆಟೊ ಪೇ ಅಂತ ಇರುತ್ತದೆ, ಅಲ್ಲಿ ನಿಲ್ಲಿಸಬಹುದು. ಆಮೇಲೆ ಪಿಎಸ್ 5ರಿಂದ ನಿಮ್ಮ ಕಾರ್ಡ್ ನಂಬರ್ ತೆಗೆಸಿ. ಮಗನದ್ದು ಮಕ್ಕಳ ಅಕೌಂಟ್ ಆಗಿದ್ದರೆ ತಿಂಗಳಿಗೆ ಇಷ್ಟೇ ಖರ್ಚು ಅಂತ ಮಿತಿ ಹಾಕುವ ವ್ಯವಸ್ಥೆ ಅದರಲ್ಲೇ ಇದೆ. ಚಂದಾಕ್ಕಿಂತ ನನಗೆ ಹೆಚ್ಚು ಆತಂಕ ಗೇಮ್ ಒಳಗೆ ಮಾರುವ ಕಾಯಿನ್, ಪ್ಯಾಕ್‌ಗಳದ್ದು. ತಿಂಗಳ ಚಂದಾ ಕಣ್ಣಿಗೆ ಬೀಳುತ್ತದೆ. ಇನ್ನೂರು, ಮುನ್ನೂರು ಅಂತ ಹತ್ತು ಸಲ ಹೋದದ್ದು ಕಣ್ಣಿಗೆ ಬೀಳುವುದು ಸ್ಟೇಟ್‌ಮೆಂಟ್ ತೆಗೆದ ದಿನವೇ.

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ, ರೇಷ್ಮೆ ಮನೆ. ಫೈಬರ್ ಇನ್ನೂ ಬಂದಿಲ್ಲ, ಮೊಬೈಲ್ ಹಾಟ್‌ಸ್ಪಾಟೇ ಗತಿ, ದಿನಕ್ಕೆ 2 ಜಿಬಿ. ಲ್ಯಾಪ್‌ಟಾಪ್ ಹಳೇದು. ಕ್ಲೌಡ್ ಗೇಮಿಂಗ್ ಚಂದಾ ತಗೊಂಡ್ರೆ ಹಳೇ ಲ್ಯಾಪ್‌ಟಾಪ್‌ನಲ್ಲೂ ದೊಡ್ಡ ಗೇಮ್ ಓಡುತ್ತಂತೆ, ನಿಜಾನಾ ಅಣ್ಣ?
– ಯುವ ರೈತ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಓಡುವುದು ನಿಜ, ನಿಮಗೆ ಆಗಿಬರುವುದಿಲ್ಲ. ಕ್ಲೌಡ್ ಗೇಮಿಂಗ್ ಅಂದರೆ ಗೇಮ್ ದೂರದ ಸರ್ವರ್‌ನಲ್ಲಿ ಓಡುತ್ತದೆ, ನಿಮಗೆ ಬರುವುದು ಅದರ ವಿಡಿಯೊ. ಸೆಕೆಂಡಿಗೆ 10 ಮೆಗಾಬಿಟ್ ಅಂತ ಹಿಡಿದರೂ ಗಂಟೆಗೆ ನಾಲ್ಕೂವರೆ ಜಿಬಿ. ನಿಮ್ಮ 2 ಜಿಬಿ ಅರ್ಧ ಗಂಟೆಗೆ ಮುಂಚೆಯೇ ಮುಗಿಯುತ್ತದೆ. ಡೌನ್‌ಲೋಡ್ ಮಾಡಿ ಆಡುವ ಚಂದಾನೂ ಹಾಗೆಯೇ, 100 ಜಿಬಿಯ ಒಂದು ಗೇಮ್ ಇಳಿಸಲು ನಿಮ್ಮ ಐವತ್ತು ದಿನದ ಡೇಟಾ ಬೇಕು. ಅಷ್ಟರಲ್ಲಿ ಎರಡು ತಿಂಗಳ ಚಂದಾ ಕಟ್ಟಿರುತ್ತೀರಿ, ಗೇಮ್ ತೆರೆದಿರುವುದಿಲ್ಲ.

ನೀವು ಸಣ್ಣ ಗೇಮ್ ಒಂದನ್ನು ಕೊಳ್ಳಿ. ‘ಸ್ಟಾರ್‌ಡ್ಯೂ ವ್ಯಾಲಿ’ ನೋಡಿ. ಒಬ್ಬನೇ ಮನುಷ್ಯ ಕೂತು ಮಾಡಿದ, 2016ರಲ್ಲಿ ಬಂದ ಬೇಸಾಯದ ಗೇಮ್. ಅರ್ಧ ಜಿಬಿಯಷ್ಟೇ ಜಾಗ ಸಾಕು, ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಒಂದು ಸಲ ಕೊಂಡರೆ ಮುಗಿಯಿತು, ಎಂಟು ವರ್ಷ ಕಳೆದ ಮೇಲೆ 2024ರ ಮಾರ್ಚ್‌ನಲ್ಲಿ ಬಂದ ದೊಡ್ಡ ಅಪ್‌ಡೇಟನ್ನೂ ಕೊಂಡವರಿಗೆಲ್ಲ ಬಿಟ್ಟಿ ಕೊಟ್ಟರು. ರಾತ್ರಿ ಹುಳುವಿಗೆ ಸೊಪ್ಪು ಹಾಕಿ ಬಂದ ಮೇಲೆ ಮತ್ತೆ ಬೇಸಾಯವಾ ಅನ್ನಬೇಡಿ. ಇಲ್ಲಿ ದಲ್ಲಾಳಿಯ ಕಾಟವಿಲ್ಲ, ಬೆಲೆ ನೆಲ ಕಚ್ಚುವುದಿಲ್ಲ. ನಿಮ್ಮ ಚಿಂತಾಮಣಿ ಕಡೆಯ ಸ್ನೇಹಿತರಿಗೂ ಹೇಳಿ, ಟೊಮೆಟೊ ಕೂಡ ಬೆಳೆಯಬಹುದು. ನಾಟಿ ಮಾಡಿದ ಹನ್ನೊಂದನೇ ದಿನಕ್ಕೆ ಹಣ್ಣು, ಆಮೇಲೆ ನಾಲ್ಕು ದಿನಕ್ಕೊಂದು ಕೊಯ್ಲು.

ನೆಟ್ ಚೆನ್ನಾಗಿ ಸಿಗುವ ಕಡೆ ಒಂದು ಸಲ ಸ್ಟೀಮ್ ತೆರೆದು ಲಾಗಿನ್ ಆಗಿ, ಗೇಮನ್ನು ಒಮ್ಮೆ ಓಡಿಸಿ ನೋಡಿ, ಆಮೇಲೆ ಆಫ್‌ಲೈನ್ ಮೋಡ್‌ಗೆ ಹಾಕಿಕೊಳ್ಳಿ. ಹಾಟ್‌ಸ್ಪಾಟ್ ಬೇಕಾಗುವುದಿಲ್ಲ. ಟೊಮೆಟೊವನ್ನು ಮಾತ್ರ ಗೇಮ್‌ನ ಬೇಸಿಗೆಯ ಮೊದಲ ದಿನವೇ ಹಾಕಿ, ಅಲ್ಲಿ ಒಂದು ಕಾಲ ಅಂದರೆ 28 ದಿನವಷ್ಟೇ.