ಟೋಕಿಯೋಗೆ ಹೊರಡುವ ಮೊದಲು ಜಪಾನೀ ಭಾಷೆ ಎಷ್ಟು ಬರಬೇಕು? ಎನ್3 ಪಾಸಾದರೆ ಸಾಕಾ?

ಬೆಂಗಳೂರಿನಿಂದ ಟೋಕಿಯೋಗೆ ಐಟಿ ಕೆಲಸ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಕೈಯಲ್ಲಿ ಎಂಟು ತಿಂಗಳಿದೆ, ಅಷ್ಟರಲ್ಲಿ ಎನ್3, ಅಂದರೆ ಜೆಎಲ್‌ಪಿಟಿ ಅನ್ನುವ ಜಪಾನೀ ಭಾಷಾ ಪರೀಕ್ಷೆಯ ಐದು ಹಂತಗಳಲ್ಲಿ ನಡುವಿನದು, ಮುಗಿಸಿಕೊಂಡರೆ ಹೊರಗಿನ ಬದುಕಿಗೆ ಸಾಕಲ್ವಾ ಅಂತ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಾನೂ ಇದೇ ಲೆಕ್ಕ ಹಾಕಿ ಹೊರಟವನು. 2015ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಪರೀಕ್ಷೆ ಬರೆದೆ. ಎನ್3 ಪಾಸಾಗಲು 180ಕ್ಕೆ 95 ಬೇಕು, ನನಗೆ 131 ಬಂದಿತ್ತು. ಆ ಸರ್ಟಿಫಿಕೇಟ್ ಇಟ್ಟುಕೊಂಡೇ ಮುಂದೆ ಒಂದು ಫೋನ್ ಕರೆಯಲ್ಲಿ 92,000 ಯೆನ್ ಕಳೆದುಕೊಂಡೆ. ಆಗಿನ ಲೆಕ್ಕದಲ್ಲಿ ಐವತ್ತು ಸಾವಿರ ರೂಪಾಯಿಗೂ ಜಾಸ್ತಿ.

ನನ್ನ ಮೊದಲ ಮನೆ ನಿಶಿ ಕಸಾಯಿಯಲ್ಲಿತ್ತು. ಎದೊಗಾವಾ ವಾರ್ಡು, ತೋಜಾಯ್ ಮೆಟ್ರೋ ಲೈನು. ನಮ್ಮ ದೇಶದವರು ತುಂಬಾ ಇರುವ ಜಾಗ. ಒಂದು ರೂಮು, ಪುಟ್ಟ ಅಡುಗೆಮನೆ. 2017ರಲ್ಲಿ ಮದುವೆಯಾಯಿತು. ಹೆಂಡತಿ ನವೆಂಬರಿಗೆ ಬರುವವಳಿದ್ದಳು. ಸ್ವಲ್ಪ ದೊಡ್ಡ ಮನೆ ಹುಡುಕಿ ಅದಕ್ಕೆ ಸಹಿಯೂ ಹಾಕಿಬಿಟ್ಟಿದ್ದೆ. ಹೊಸ ಮನೆಗೆ ಅಡ್ವಾನ್ಸು, ಮಾಲೀಕರಿಗೆ ಕೊಡುವ 'ರೇಕಿನ್' ಅಂದರೆ ವಾಪಸ್ ಬರದ ದುಡ್ಡು, ಏಜೆಂಟ್ ಕಮಿಷನ್ನು, ಎಲ್ಲ ಸೇರಿ ಉಳಿಸಿದ್ದೆಲ್ಲ ಹೆಚ್ಚುಕಡಿಮೆ ಖಾಲಿ. ಇನ್ನು ಉಳಿದಿದ್ದು ಹಳೆ ಮನೆ ಬಿಡುತ್ತೇನೆ ಅಂತ ಒಂದು ತಿಂಗಳು ಮೊದಲೇ ತಿಳಿಸುವುದು ಮಾತ್ರ.

ಸೆಪ್ಟೆಂಬರ್ ಕೊನೆಯ ವಾರ ಮನೆ ನೋಡಿಕೊಳ್ಳುವ ಕಂಪನಿಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನೆಲ್ಲ ಮೊದಲೇ ಹಾಳೆಯಲ್ಲಿ ಬರೆದು, ಗಟ್ಟಿಯಾಗಿ ಓದಿಕೊಂಡಿದ್ದೆ. ಅಕ್ಟೋಬರ್ ಕೊನೆಗೆ ಮನೆ ಖಾಲಿ ಮಾಡುತ್ತೇನೆ ಅಂತ ಸರಿಯಾಗಿಯೇ ಹೇಳಿದೆ. ಸರಿಯಾಗಿ ಹೇಳಿದ್ದರಿಂದಲೇ ಇವನಿಗೆ ಭಾಷೆ ಬರುತ್ತದೆ ಅಂತ ಆ ಕಡೆಯ ಹೆಣ್ಣುಮಗಳಿಗೆ ಅನ್ನಿಸಿತು. ಗಿರಾಕಿಗಳ ಜೊತೆ ಆಡುವ ಮರ್ಯಾದೆಯ ಜಪಾನೀ ಭಾಷೆಯಲ್ಲಿ ಸರಸರ ಹೇಳತೊಡಗಿದರು. ಪುಸ್ತಕದಲ್ಲಿ ಓದಿದ ಕ್ರಿಯಾಪದಗಳು ಅಲ್ಲಿ ಬೇರೆ ವೇಷದಲ್ಲಿ ಬರುತ್ತವೆ. ನಾನು ಬರೆದುಕೊಂಡಿದ್ದು ನನ್ನ ಮಾತು. ಅವರ ಉತ್ತರಕ್ಕೆ ತಯಾರಾಗಿರಲಿಲ್ಲ.

ಅವರು ಹೇಳಿದ್ದು ಇಷ್ಟು. ನಾವು ಒಂದು ಫಾರ್ಮನ್ನು 'ಹಸ್ಸೋ' ಮಾಡುತ್ತೇವೆ. ನೀವು ಸಹಿ ಹಾಕಿ 'ಹೆನ್ಸೋ' ಮಾಡಿ. ಅದು ನಮ್ಮ ಕೈ ಸೇರಿದ ದಿನದಿಂದ ಒಂದು ತಿಂಗಳ ಲೆಕ್ಕ. ಹಸ್ಸೋ ಅಂದರೆ ಕಳಿಸುವುದು. ಹೆನ್ಸೋ ಅಂದರೆ ವಾಪಸ್ ಕಳಿಸುವುದು. ಮೊದಲನೆಯದು ನನಗೆ ಚೆನ್ನಾಗಿ ಗೊತ್ತಿತ್ತು, ಆನ್‌ಲೈನ್‌ನಲ್ಲಿ ಏನಾದರೂ ತರಿಸಿದಾಗಲೆಲ್ಲ ಮೆಸೇಜಿನಲ್ಲಿ ಬರುತ್ತಿತ್ತು. ಎರಡನೆಯದನ್ನು ಕೇಳಿಯೇ ಇರಲಿಲ್ಲ. ಒಂದೇ ಪದವನ್ನು ಎರಡು ಸಲ ಹೇಳಿದರು ಅಂದುಕೊಂಡೆ. ಏನೋ ಕಾಗದ ಕಳಿಸುತ್ತಾರೆ, ಕಳಿಸಲಿ. 'ಹಾಯ್, ಹಾಯ್, ವಕರಿಮಾಶಿತಾ' ಅಂದೆ. ಅವರು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು.

ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಎಲ್ಲರೂ ಅರ್ಧ ಮಾತ್ರ ಹೇಳುತ್ತಾರೆ. 'ಅರ್ಥವಾಗದೆ ಹಾಯ್ ಅನ್ನಬೇಡಿ' ಅಂತ ನನಗೂ ಹೇಳಿದ್ದರು. ಹಾಯ್ ಅಂದಿದ್ದರಲ್ಲಿ ತಪ್ಪಿಲ್ಲ. ಅದು ನಮ್ಮ 'ಹೂಂ' ಇದ್ದ ಹಾಗೆ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುತ್ತೇವಲ್ಲ, ಆ ಹೂಂ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಅಂತ ಅಷ್ಟೇ. ಜಪಾನಿನಲ್ಲಿ ಹೂಂಗುಟ್ಟದಿದ್ದರೆ ಮಾತೇ ಮುಂದೆ ಹೋಗುವುದಿಲ್ಲ, ಲೈನ್ ಕಟ್ ಆಯಿತೇನೋ ಅಂದುಕೊಳ್ಳುತ್ತಾರೆ. ಆದರೆ 'ವಕರಿಮಾಶಿತಾ' ಬೇರೆ. ಅದಕ್ಕೆ 'ಅರ್ಥವಾಯಿತು' ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಆಫೀಸಿನವರ ಜೊತೆ, ಮನೆ ನೋಡಿಕೊಳ್ಳುವ ಕಂಪನಿಯವರ ಜೊತೆ ಹೇಳಿದಾಗ ಅದು 'ಆಯ್ತು, ಹಾಗೇ ಮಾಡ್ತೀನಿ' ಆಗುತ್ತದೆ. ಅದು ಒಪ್ಪಿಗೆ. ಹೂಂಗುಟ್ಟುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ಕನ್ನಡದಲ್ಲಿ ಎಷ್ಟು ಅಂತರ ಇದೆಯೋ ಅಲ್ಲೂ ಅಷ್ಟೇ ಇದೆ. ನಾನು ಎರಡಕ್ಕೂ ಇಂಗ್ಲಿಷಿನ 'ಯೆಸ್' ಅಂತಲೇ ಅರ್ಥ ಇಟ್ಟುಕೊಂಡಿದ್ದೆ.

ಕವರು ಬಂತು. ದಪ್ಪಗಿತ್ತು. ನಮ್ಮ ಮೇಲ್‌ಬಾಕ್ಸಿಗೆ ದಿನಾ ಪಿಜ್ಜಾ, ಪ್ಲಂಬರು, ಹೊಸ ಅಪಾರ್ಟ್‌ಮೆಂಟು ಅಂತ ಕಾಗದ ಬೀಳುತ್ತಿತ್ತು. ಆ ರಾಶಿಯ ಜೊತೆ ಅದನ್ನೂ ಇಟ್ಟೆ. ಒಳಗೆ ವಾಪಸ್ ಕಳಿಸಲು ವಿಳಾಸ ಬರೆದ ಇನ್ನೊಂದು ಕವರೂ ಇತ್ತು. ಸಹಿ ಹಾಕಿ ಕೆಂಪು ಅಂಚೆಡಬ್ಬಿಗೆ ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಅಂಚೆಡಬ್ಬಿ ನಮ್ಮ ಬೀದಿಯ ತುದಿಯಲ್ಲೇ ಇತ್ತು.

ಅಕ್ಟೋಬರ್ 23ಕ್ಕೆ, ಮನೆ ಪರಿಶೀಲಿಸಿ ಬೀಗದಕೈ ವಾಪಸ್ ತಗೊಳ್ಳುವ ದಿನ ಗೊತ್ತು ಮಾಡಲು ಮತ್ತೆ ಫೋನ್ ಮಾಡಿದೆ. ನಿಮ್ಮ ಫಾರ್ಮು ಬಂದಿಲ್ಲ ಅಂದರು. ಸೆಪ್ಟೆಂಬರಿನಲ್ಲೇ ಹೇಳಿದ್ದೇನಲ್ಲ ಅಂದೆ. ಹೌದು, ನೀವು ವಕರಿಮಾಶಿತಾ ಅಂದಿದ್ದು ಇಲ್ಲಿ ಬರೆದಿದೆ ಅಂದರು. ಒಂದು ಬಿರುಸಿನ ಮಾತಿಲ್ಲ. ಫಾರ್ಮ್ ಅವತ್ತೇ ಕಳಿಸಿದೆ. ಲೆಕ್ಕ ಅಲ್ಲಿಂದ ಶುರುವಾಯಿತು. ನನ್ನ ಕರಾರಿನಲ್ಲಿ ಕೊನೆಯ ತಿಂಗಳಿಗೆ ದಿನದ ಲೆಕ್ಕ ಇರಲಿಲ್ಲ, ಹಾಗಾಗಿ ನವೆಂಬರಿನ ಪೂರ್ತಿ ಬಾಡಿಗೆ. ಯಾರೂ ಇಲ್ಲದ ಮನೆಗೆ 92,000. ನವೆಂಬರ್ ಕೊನೆಗೆ ಮೇಪಲ್ ಎಲೆ ಕೆಂಪಾಗುತ್ತದೆ, ಕ್ಯೋಟೋಗೆ ಕರೆದುಕೊಂಡು ಹೋಗುತ್ತೇನೆ ಅಂತ ಹೆಂಡತಿಗೆ ಹೇಳಿದ್ದೆ. ಹೋಗಲಾಗಲಿಲ್ಲ. ಅವಳು ಏನೂ ಅನ್ನಲಿಲ್ಲ. ನನಗೆ ಮಾತ್ರ ಈಗಲೂ ಬೇಜಾರಿದೆ.

ಈಗ ನಿಮ್ಮ ಪ್ರಶ್ನೆ. ಎನ್3 ಸಾಕಾ ಅಂತ ಕೇಳುವುದೇ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಆ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಸುಲಭದ ಎನ್5ರಿಂದ ಎಲ್ಲಕ್ಕಿಂತ ಕಷ್ಟದ ಎನ್1ರವರೆಗೆ ಎಲ್ಲೂ ನೀವು ಬಾಯಿ ಬಿಡಬೇಕಾಗಿಲ್ಲ. ಒಂದು ವಾಕ್ಯ ಬರೆಯಬೇಕಾಗಿಲ್ಲ. ಎಲ್ಲ ಗುರುತು ಹಾಕುವುದೇ. ಕೇಳಿಸಿಕೊಳ್ಳುವ ಭಾಗ ಇದೆ ನಿಜ, ಆದರೆ ಅಲ್ಲಿ 'ಇನ್ನೊಂದು ಸಲ ಹೇಳಿ' ಅನ್ನುವ ಹಾಗಿಲ್ಲ. ಅರ್ಥವಾಗದಿದ್ದರೂ ನಾಲ್ಕರಲ್ಲಿ ಒಂದನ್ನು ಊಹಿಸಿ ಮುಂದೆ ಹೋಗುವ ಅಭ್ಯಾಸ ನನಗೆ ಬಂದಿದ್ದು ಅಲ್ಲಿಂದಲೇ. ಫೋನಿನಲ್ಲಿ ಮಾಡಿದ್ದೂ ಅದನ್ನೇ. ಮುಂದೆ ಕೆಲಸ ಬದಲಿಸಲು ಎನ್2, ಎನ್1 ಬೇಕಾಗಬಹುದು, ಆಗ ಬರೆಯಿರಿ. ಇಂಗ್ಲಿಷಿನಲ್ಲೇ ಸಾಗುತ್ತದೆ ಅನ್ನುವವರ ಮಾತನ್ನೂ ಕೇಳಬೇಡಿ. ಅಂಥ ಗೆಳೆಯರು ನನಗಿದ್ದಾರೆ. ಮಗುವಿಗೆ ಜ್ವರ ಬಂದರೆ ಕ್ಲಿನಿಕ್ಕಿಗೆ ಜೊತೆಗೆ ಬಾ ಅಂತ ಇನ್ನೊಬ್ಬರನ್ನು ಕರೆಯುತ್ತಾರೆ. ಅವರನ್ನು ಕಂಡರೆ ಸಂಕಟವಾಗುತ್ತದೆ.

ಎಂಟು ತಿಂಗಳಿದೆ ಅಲ್ವಾ? ಇಂಗ್ಲಿಷ್ ದಾರಿಯಲ್ಲಿ ಕಲಿಯಬೇಡಿ, ಕನ್ನಡದಿಂದ ನೇರವಾಗಿ ಹೋಗಿ. ಎರಡೂ ಒಂದೇ ಮನೆಯ ಭಾಷೆಗಳು ಅಂತ ಹೇಳುತ್ತಿಲ್ಲ. ವಾಕ್ಯ ಕಟ್ಟುವ ರೀತಿ ಅಷ್ಟು ಹತ್ತಿರ ಇದೆ. ಕ್ರಿಯಾಪದ ಕೊನೆಗೆ. 'ಗೆ', 'ಇಂದ', 'ಅಲ್ಲಿ' ಎಲ್ಲ ಪದ ಆದ ಮೇಲೆ. 'ತಬೆತೆ ಮಿರು' ಅಂದರೆ ತಿಂದು ನೋಡು, ಅಲ್ಲೂ ನಿಜವಾಗಿ 'ನೋಡು' ಅನ್ನುವ ಕ್ರಿಯಾಪದವೇ. 'ತಬೆತೆ ಶಿಮತ್ತಾ' ಅಂದರೆ ತಿಂದುಬಿಟ್ಟೆ. ಇಂಗ್ಲಿಷ್ ಪುಸ್ತಕ ಈ 'ಬಿಟ್ಟೆ'ಯನ್ನು ವಿವರಿಸಲು ಒಂದು ಪುಟ ತಗೊಳ್ಳುತ್ತದೆ, ನಿಮಗೆ ಒಂದು ಕ್ಷಣ ಸಾಕು. 'ಇಕು ತೊ ಇತ್ತಾ' ಅಂದರೆ ಹೋಗ್ತೀನಿ ಅಂತ ಹೇಳಿದ. 'ದರೆ ಕ' ಯಾರೋ, 'ದರೆ ಮೊ ಇನಾಯ್' ಯಾರೂ ಇಲ್ಲ. ವಾಕ್ಯದ ಕೊನೆಯ 'ನೆ' ನಮ್ಮ 'ಅಲ್ವಾ'.

ಮಾತಿನ ನಯವೂ ಹಾಗೆಯೇ. 'ದೈಜೋಬು' ನಮ್ಮ 'ಪರವಾಗಿಲ್ಲ'. ಇನ್ನೊಂದು ಸ್ವಲ್ಪ ಬಡಿಸಲಾ ಅಂದಾಗ ಪರವಾಗಿಲ್ಲ ಅಂದರೆ ಬೇಡ ಅಂತ, ಕಾಲು ತುಳಿದಾಗ ಪರವಾಗಿಲ್ಲ ಅಂದರೆ ಏನೂ ಆಗಿಲ್ಲ ಅಂತ. 'ಚೊತ್ತೊ ಮುಝುಕಾಶೀ' ಅಂದರೆ 'ಸ್ವಲ್ಪ ಕಷ್ಟ'. ನಮ್ಮೂರಲ್ಲಿ 'ಸ್ವಲ್ಪ ಕಷ್ಟ ಆಗುತ್ತೆ ಸಾರ್' ಅಂದರೆ ಆಗಲ್ಲ ಅಂತ ನಮಗೆ ಗೊತ್ತಲ್ಲ, ಅದೇ.

ಸಸ್ಯಾಹಾರಿಯಾದರೆ ಇದೊಂದು ನೆನಪಿರಲಿ. 'ನಿಕು ನಾಶಿ' ಅಂದರೆ ಮಾಂಸ ಬೇಡ ಅಂತ ಮಾತ್ರ. ಮೀನಿನಿಂದ ತೆಗೆದ ದಾಶಿ ಅನ್ನುವ ಸಾರು ಉದೊನ್ ನೂಡಲ್ಸಿನಲ್ಲೂ ಮಿಸೋ ಸೂಪಿನಲ್ಲೂ ಇರುತ್ತದೆ, ಅದನ್ನು ಬೇರೆಯಾಗಿಯೇ ಕೇಳಬೇಕು.

ದಿನಾ ಅಭ್ಯಾಸ ಮಾಡಬೇಕಾದ ವಾಕ್ಯ ಒಂದೇ: 'ಕಾಕುನಿನ್ ಶಿತೆಮೊ ಈ ದೆಸು ಕಾ'. ಒಂದು ಸಲ ಖಚಿತ ಮಾಡಿಕೊಳ್ಳಲಾ ಅಂತ. ಇದನ್ನು ಹೇಳಿ, ನಿಮಗೆ ಅರ್ಥವಾದದ್ದನ್ನು ನಿಮ್ಮ ಹರಕು ಜಪಾನೀ ಭಾಷೆಯಲ್ಲೇ ವಾಪಸ್ ಹೇಳಿ. 'ನೀವು ಕಳಿಸುತ್ತೀರಿ. ನಾನು ಏನೂ ಮಾಡಬೇಕಾಗಿಲ್ಲ. ಅಲ್ವಾ?' ಅಂತ ಅವತ್ತು ಕೇಳಿದ್ದರೆ ಅವರು ತಕ್ಷಣ ತಿದ್ದುತ್ತಿದ್ದರು. ವಾರ್ಡ್ ಆಫೀಸಿನಲ್ಲಿ 'ಯಸಾಶೀ ನಿಹೊಂಗೊ ದೆ ಒನೆಗಾಯ್ ಶಿಮಾಸು' ಅನ್ನಿ, ಸುಲಭ ಜಪಾನೀ ಭಾಷೆಯಲ್ಲಿ ಹೇಳಿ ಅಂತ. ಇದು ನಾಚಿಕೆಯ ವಿಷಯ ಅಲ್ಲ. 1995ರ ಕೋಬೆ ಭೂಕಂಪದಲ್ಲಿ ಎಚ್ಚರಿಕೆಯ ಮಾತು ಅರ್ಥವಾಗದೆ ವಿದೇಶಿಯರು ಕಷ್ಟಪಟ್ಟ ಮೇಲೆ ಜಪಾನಿನವರೇ ರೂಪಿಸಿದ ಸರಳ ಭಾಷೆ ಅದು.

ಮನೆಯಲ್ಲಿ ವಾಸ ಶುರುಮಾಡಿದ 14 ದಿನದೊಳಗೆ ವಿಳಾಸ ನೋಂದಾಯಿಸಲು ವಾರ್ಡ್ ಆಫೀಸಿಗೆ ಹೋಗಲೇಬೇಕು. ಅವತ್ತೇ ಸ್ವಯಂಸೇವಕರು ನಡೆಸುವ ಭಾಷಾ ತರಗತಿಯ ಪಟ್ಟಿ ಕೇಳಿ. ನನಗೆ ಕಲಿಸಿದವರು ಎಪ್ಪತ್ತು ದಾಟಿದ ಹಿರಿಯರೊಬ್ಬರು. 2018ರಲ್ಲಿ ಸೇರಿದೆ, ಎರಡು ವರ್ಷ ತಡವಾಗಿ. ಪ್ರತಿ ಶನಿವಾರ ಮೇಲ್‌ಬಾಕ್ಸಿನಲ್ಲಿ ಬಂದ ಕಾಗದಗಳನ್ನೆಲ್ಲ ತಗೊಂಡು ಹೋಗುತ್ತಿದ್ದೆ. ಪುಸ್ತಕ ಬದಿಗಿಟ್ಟು ಅವನ್ನೇ ಓದಿಸುತ್ತಿದ್ದರು. ಹೊಸ ಮನೆಯ ಕರಾರು ನವೀಕರಣದ ಕವರು ಬಂದಾಗ, ಅದರಲ್ಲಿದ್ದ ಹೆನ್ಸೋ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಮನೆಗೆ ಹೋಗುವ ದಾರಿಯಲ್ಲೇ ಪೋಸ್ಟ್ ಮಾಡು ಅಂದರು. ಮಾಡಿದೆ.