ಅಪ್ರೆಂಟಿಸ್ ಆದರೆ ಒಂದು ವರ್ಷ ದಂಡವೇ?

ಓದುಗರ ಪತ್ರ: ನನ್ನ ಮಗ ಮೆಕ್ಯಾನಿಕಲ್ ಡಿಪ್ಲೊಮಾವನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸಿದ್ದಾನೆ. ಒಂದು ಇಂಟರ್‌ವ್ಯೂನಲ್ಲಿ ಮೈಕ್ರೋಮೀಟರ್ ಕೈಗೆ ಕೊಟ್ಟು ಅಳೆ ಅಂದರಂತೆ, ಇವನಿಗೆ ಕೈ ನಡುಗಿತಂತೆ. ಈಗ ಎರಡು ದಾರಿ ಇವೆ. ಒಂದು, ದೊಡ್ಡ ಕಾರ್ಖಾನೆಯಲ್ಲಿ ಒಂದು ವರ್ಷ ಅಪ್ರೆಂಟಿಸ್. ಸ್ಟೈಪೆಂಡ್ ಕಡಿಮೆ, ಆಮೇಲೆ ಕೆಲಸದ ಖಾತ್ರಿ ಇಲ್ಲ. ಇನ್ನೊಂದು, ಏಜೆನ್ಸಿ ಮೂಲಕ ಕಾಂಟ್ರ್ಯಾಕ್ಟ್ ಕೆಲಸ. ಸಂಬಳ ಜಾಸ್ತಿ. ಅಪ್ರೆಂಟಿಸ್ ಆದರೆ ಒಂದು ವರ್ಷ ದಂಡ ಅನ್ನುತ್ತಾರೆ ನೆಂಟರು. ಅವನಿಗೆ ಇಂಗ್ಲಿಷ್ ಮಾತು ಬೇರೆ ಬರುವುದಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ಅಮ್ಮಾ, ಮನೆ ಹೇಗೋ ನಡೆಯುತ್ತದೆ ಅನ್ನುವುದಾದರೆ ಅಪ್ರೆಂಟಿಸ್‌ಗೇ ಕಳಿಸಿ. ಈ ತಿಂಗಳ ಬಾಡಿಗೆಗೂ ಅವನ ದುಡಿಮೆಯೇ ಬೇಕು ಅನ್ನುವ ಹಾಗಿದ್ದರೆ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಹೋಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದು ಮಾತು ತಿಳಿದಿರಲಿ. ಒಂದು ವರ್ಷ ಕೆಲಸದ ಅನುಭವ ಆದವರನ್ನು ಸರ್ಕಾರದ ಅಪ್ರೆಂಟಿಸ್ ಯೋಜನೆಗೆ ತೆಗೆದುಕೊಳ್ಳುವುದಿಲ್ಲ. ಮೊದಲು ಅಪ್ರೆಂಟಿಸ್ ಮುಗಿಸಿ ಆಮೇಲೆ ಕೆಲಸ ಹುಡುಕಬಹುದು. ಮೊದಲು ಕೆಲಸ, ಆಮೇಲೆ ಅಪ್ರೆಂಟಿಸ್ ಅಂದರೆ ಆಗುವುದಿಲ್ಲ.

ಮೈಕ್ರೋಮೀಟರ್ ಹಿಡಿದಾಗ ಕೈ ನಡುಗಿದ್ದಕ್ಕೆ ಅವನನ್ನು ಬೈಯಬೇಡಿ. ಪತ್ರಿಕೆಗೆ ಬರುವ ಮೊದಲು ನಾನೂ ಡಿಪ್ಲೊಮಾ ಮಾಡಿ ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿದ್ದೆ. ಒಂದು ದಿನ ಶಿಫ್ಟ್ ಮುಗಿಯುವ ಹೊತ್ತಿಗೆ ಲೇತ್‌ನಲ್ಲಿ (ಲೋಹದ ತುಂಡನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಹನ್ನೊಂದು ಪೀಸ್ ತಿರುವಿದೆ. ಒಂದೊಂದನ್ನೂ ಅಳೆದೆ, ಎಲ್ಲವೂ ಸರಿಯಿದ್ದವು. ಬೆಳಿಗ್ಗೆ ಇನ್‌ಸ್ಪೆಕ್ಷನ್‌ನಲ್ಲಿ ಹನ್ನೊಂದೂ ರಿಜೆಕ್ಟ್! ಹಳೆಯ ಟರ್ನರ್ ಒಬ್ಬರು ಬಂದು ಕೇಳಿದ್ದು ಒಂದೇ ಮಾತು: "ಬಿಸಿ ಇದ್ದಾಗಲೇ ಅಳೆದೆಯೇನಪ್ಪಾ?"

ಉಕ್ಕು ಬಿಸಿಗೆ ಹಿಗ್ಗುತ್ತದೆ ಅಂತ ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು. 100 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಹಿಗ್ಗುತ್ತದೆ. ಲೇತ್‌ನಿಂದ ಆಗಷ್ಟೇ ಇಳಿಸಿದ ಪೀಸ್ ಅದಕ್ಕಿಂತ ಎಷ್ಟೋ ಬಿಸಿ ಇರುತ್ತದೆ. ಡ್ರಾಯಿಂಗ್‌ನಲ್ಲಿ 25 ಎಚ್7 ಅಂತ ಇದ್ದರೆ ರಂಧ್ರ 25.000ರಿಂದ 25.021 ಮಿ.ಮೀ. ಒಳಗೇ ಬರಬೇಕು. ಅಷ್ಟು ಸಣ್ಣ ಅಂತರದ ಕೆಲಸದಲ್ಲಿ ಆ ಹಿಗ್ಗು ಎಷ್ಟು ದೊಡ್ಡದು ಅನ್ನುವುದು ನನಗೆ ಹೊಳೆದದ್ದು ಆ ಬೆಳಿಗ್ಗೆಯೇ. ಮೈಕ್ರೋಮೀಟರಿನ ತುದಿಯಲ್ಲಿರುವ ತಿರುಪು, ಅಂದರೆ ರ‍್ಯಾಚೆಟ್ ಎಷ್ಟು ಸಲ ಟಕ್ ಅನ್ನುವವರೆಗೆ ತಿರುಗಿಸಬೇಕು, ತುಂಡನ್ನು ಯಾವಾಗ ಆರಲು ಬಿಡಬೇಕು ಅನ್ನುವುದು ದಿನಾ ಮಾಡುತ್ತಾ ಮಾಡುತ್ತಾ ಕೈಗೆ ಹತ್ತಬೇಕು. ತಪ್ಪಾದ ಕೂಡಲೇ ಬಚ್ಚಿಡದೆ ಮೇಸ್ತ್ರಿಗೆ ಹೇಳುವುದನ್ನೂ ಅಲ್ಲೇ ಕಲಿಯಬೇಕು. ಕೆಲಸಕ್ಕೆ ತಯಾರಾಗುವುದು ಅಂದರೆ ನನ್ನ ಮಟ್ಟಿಗೆ ಜಾಸ್ತಿ ಇದೇ.

ಇನ್ನು ದುಡ್ಡಿನ ಮಾತು. ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000 ರೂಪಾಯಿ ಅಂತ 2019ರಲ್ಲಿ ನಿಯಮ ಬಂತು. ಈಗ ಎಷ್ಟಿದೆ ಅಂತ ಸೇರುವ ಮೊದಲು ಕೇಳಿಕೊಳ್ಳಿ. ಕನಿಷ್ಠ ಮೊತ್ತದಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಕಂಪನಿ ಇದಕ್ಕಿಂತ ಹೆಚ್ಚು ಕೊಡಬಹುದು. ಪಿಎಫ್ ಇರುವುದಿಲ್ಲ, ಯಾಕೆಂದರೆ 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅವನು ಕಲಿಯುವವನು, ಕಾರ್ಮಿಕ ಅಲ್ಲ. ಒಪ್ಪಂದದಲ್ಲಿ ಬರೆದಿರದಿದ್ದರೆ ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಂಪನಿಗೂ ಇಲ್ಲ, ಅಲ್ಲೇ ಇರಬೇಕು ಅಂತ ಅವನಿಗೂ ಇಲ್ಲ. ನೆಂಟರು ಹೇಳಿದ್ದು ಇಷ್ಟರ ಮಟ್ಟಿಗೆ ನಿಜ.

ಅವರ ಭಯಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅಪ್ರೆಂಟಿಸ್ ಹುಡುಗರನ್ನು ಕಡಿಮೆ ಕೂಲಿಯ ಆಳುಗಳ ಹಾಗೆ ದುಡಿಸುವ ಕಡೆಗಳು ಇವೆ. ನನ್ನನ್ನೇ ಮೊದಲ ನಾಲ್ಕು ತಿಂಗಳು ಸ್ಟೋರ್‌ನಲ್ಲಿ ಬೋಲ್ಟ್ ಎಣಿಸಲು ಕೂರಿಸಿದ್ದರು. ಕೇಳಬೇಕು ಅಂತ ಗೊತ್ತಿರಲಿಲ್ಲ, ಸುಮ್ನೆ ಇದ್ದೆ. ಆ ನಾಲ್ಕು ತಿಂಗಳು ಇವತ್ತಿಗೂ ನನ್ನನ್ನು ಕಾಡುತ್ತದೆ. ನಿಮ್ಮ ಮಗ ಹಾಗೆ ಸುಮ್ಮನಿರಬಾರದು. ಸೇರುವ ಮೊದಲೇ ಕೇಳಲಿ: ಒಪ್ಪಂದ ಸರ್ಕಾರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಪೋರ್ಟಲ್‌ನಲ್ಲಿ ದಾಖಲಾಗುತ್ತದೆಯೇ? ಯಾವ ಯಾವ ವಿಭಾಗದಲ್ಲಿ ಎಷ್ಟೆಷ್ಟು ದಿನ? ಕಲಿಸುವವರು ಯಾರು? ದಾಖಲೆ ಇಲ್ಲದ "ಟ್ರೈನಿಂಗ್" ಆದರೆ ಬೇಡ ಅನ್ನಲಿ, ಅದಕ್ಕೆ ಸರ್ಟಿಫಿಕೇಟೂ ಸಿಗುವುದಿಲ್ಲ, ಕಾಯ್ದೆಯ ಆಸರೆಯೂ ಇಲ್ಲ. ದಾಖಲಾಗಿದ್ದರೆ ತರಬೇತಿಯಲ್ಲಿ ಗಾಯವಾದಾಗ ಪರಿಹಾರ ಕಂಪನಿಯ ಹೊಣೆ. ಅಪ್ರೆಂಟಿಸ್‌ಶಿಪ್ ಸಲಹೆಗಾರರ (ಇವರು ಸರ್ಕಾರದ ಅಧಿಕಾರಿ) ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವ ಹಾಗಿಲ್ಲ. ಕಲಿಸದೆ ಬರೀ ದುಡಿಸಿದರೆ ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಗೆ ಬರೆಯಬಹುದು. ಕರ್ನಾಟಕವೂ ಅದರ ವ್ಯಾಪ್ತಿಗೇ ಬರುತ್ತದೆ. ವರ್ಷದ ಕೊನೆಗೆ ಸರ್ಟಿಫಿಕೇಟ್ ಕೊಡುವುದೂ ಅದೇ ಮಂಡಳಿ. ಆ ವರ್ಷವನ್ನು ಅನುಭವ ಅಂತ ಉದ್ಯೋಗ ವಿನಿಮಯ ಕಚೇರಿಯಲ್ಲಿ ಬರೆಸಬಹುದು.

ಇಂಗ್ಲಿಷ್ ಬಗ್ಗೆ ಅಷ್ಟು ಚಿಂತೆ ಬೇಡ. ಡ್ರಾಯಿಂಗ್ ಓದಲು ಬಂದರೆ ಶಾಪ್‌ನಲ್ಲಿ ಅರ್ಧ ಮಾತು ಮುಗಿದ ಹಾಗೆ. ಅಪ್ರೆಂಟಿಸ್ ಆದವರು ದಿನಾ ಮಾಡಿದ ಕೆಲಸವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಬೇಕು ಅಂತ ನಿಯಮವೇ ಇದೆ. ತುಂಬ ಹುಡುಗರು ತಿಂಗಳ ಕೊನೆಗೆ ಕೂತು ಒಟ್ಟಿಗೆ ಗೀಚುತ್ತಾರೆ. ಇವನು ಹಾಗೆ ಮಾಡದಿರಲಿ. ಕಂಪನಿಗೆ ಒಂದು ಪುಸ್ತಕ, ತನಗೇ ಅಂತ ಇನ್ನೊಂದು. ತನ್ನದನ್ನು ಕನ್ನಡದಲ್ಲೇ ಬರೆಯಲಿ, ಭಾಗಗಳ ಹೆಸರು ಶಾಪ್‌ನಲ್ಲಿ ಹೇಗೆ ಕರೆಯುತ್ತಾರೋ ಹಾಗೇ ಇರಲಿ. ಯಾವ ಪೀಸ್, ಯಾವ ಮಷಿನ್, ಎಲ್ಲಿ ಕೆಟ್ಟಿತು, ಯಾರು ಹೇಗೆ ಸರಿ ಮಾಡಿದರು, ಪಕ್ಕದಲ್ಲಿ ಒಂದು ಸಣ್ಣ ಚಿತ್ರ. ಮುಂದಿನ ಇಂಟರ್‌ವ್ಯೂಗೆ ಆ ಪುಸ್ತಕವನ್ನೇ ಕೈಯಲ್ಲಿ ಹಿಡಿದು ಹೋಗಲಿ. ಅವರು ಪ್ರಶ್ನೆ ಕೇಳುವ ಮೊದಲು ಒಂದು ಪುಟ ತೆಗೆದು ತೋರಿಸಲಿ.